ಯೂರೋಪಿನ ಕೃಷಿನೀತಿ ಮತ್ತು ನಮ್ಮ ಒಕ್ಕಲು

(ವಿಳಿಂಜಂನಲ್ಲಿ ನಡೆದ ಕನ್ನಡಿಗರ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂಥ ಕೂಟಗಳಲ್ಲಿ ಹೊರನಾಡ ಕನ್ನಡಿಗರಾದ ನಾವು ನಾಡು ನುಡಿಗಳ ಹಿರಿಮೆಯನ್ನು ಸ್ಮರಿಸಿ, ನಾಲ್ಕು ಭಾವಗೀತೆಗಳನ್ನು ಕೇಳಿ, ಬಿಸಿಬೇಳೆ ಭಾತು ಉಂಡು ಮನೆಗೆ ಮರಳುವುದು ವಾಡಿಕೆ. ಅದರಲ್ಲಿ ತಪ್ಪೇನೂ ಇಲ್ಲ. ನಾನೂ ಮೂವತ್ತು ವರ್ಷಗಳಿಂದ ಹಾಗೆಯೇ ಮಾಡುತ್ತಾ ಬಂದವನು. ಈ ಸಲ ಕಾರ್ಯದರ್ಶಿಗಳು ವಿಷಯವನ್ನು ನನ್ನ ಆಯ್ಕೆಗೇ ಬಿಟ್ಟರು. ನಾನು 'ಯೂರೋಪಿನ ಕೃಷಿನೀತಿ' ಎಂದಾಗ ಅವರ ಮುಖದ ಮೇಲೆ ಮೂಡಿದ ಆತಂಕವನ್ನು ನಾನು ಗಮನಿಸಲಿಲ್ಲವೆಂದಲ್ಲ. ಈ ವಿಷಯವನ್ನು ಏಕೆ ಆರಿಸಿದೆನೆಂಬುದನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ. ನಾನು ಕೇಂದ್ರ ಸರಕಾರದ ನೌಕರನಾದ್ದರಿಂದ ಮತ್ತೊಂದು ಮಾತನ್ನೂ ಆರಂಭದಲ್ಲಿಯೇ ಹೇಳಿಬಿಡುವುದು ಕ್ಷೇಮ: ಇಲ್ಲಿ ಆಡುವ ಮಾತುಗಳೆಲ್ಲ ನನ್ನ ಸ್ವಂತದವು, ಸರಕಾರದವಲ್ಲ.

ನಾವು ಕುಳಿತಿರುವ ಈ ಊರು ಹಿಂದೆ ಆಯ್ ಅರಸರ ನೆಲೆವೀಡಾಗಿತ್ತು. ಅವರ ಕಾಲದ ಬಂಡೆ ಕೊರೆದ ಗುಡಿ ಇಲ್ಲಿಗೆ ಕೂಗಳತೆಯಲ್ಲಿದೆ. ಅಂದಿನಿಂದಲೂ ಇದು ಹಡಗುಗಳ ಊರು, ಮೀನುಗಾರರ ಊರು. 2015ರಲ್ಲಿ ಒಪ್ಪಂದವಾಗಿ, ಕಾಮಗಾರಿ ನಡೆದು, 2022ರಲ್ಲಿ ಕಡಲಕೊರೆತದಿಂದ ಮನೆಮಾರು ಕಳೆದುಕೊಂಡ ಮೀನುಗಾರರ ದೀರ್ಘ ಹೋರಾಟವನ್ನೂ ಕಂಡು, 2024ರ ಜುಲೈಯಲ್ಲಿ ಮೊದಲ ದೊಡ್ಡ ಕಂಟೈನರ್ ಹಡಗನ್ನು ಬರಮಾಡಿಕೊಂಡು, 2025ರ ಮೇ 2ರಂದು ವಿಧ್ಯುಕ್ತವಾಗಿ ರಾಷ್ಟ್ರಕ್ಕೆ ಸಮರ್ಪಿತವಾದ ಬಂದರು ಈಗ ನಮ್ಮ ಕಣ್ಣೆದುರಿಗಿದೆ. ಅದೇ ತಿಂಗಳು ಇಲ್ಲಿಂದ ಕೊಚ್ಚಿಗೆ ಹೊರಟ ಎಂ.ಎಸ್.ಸಿ. ಎಲ್ಸಾ-3 ಎಂಬ ಹಡಗು 640 ಕಂಟೈನರುಗಳೊಡನೆ ಮುಳುಗಿತು. ಅದರಲ್ಲಿದ್ದ ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳನ್ನು ಈ ತೀರದ ಮರಳಿನಿಂದ ಆಯುತ್ತಿದ್ದವರನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಯಾರದೋ ಸರಕು, ಯಾರದೋ ಹಡಗು. ಆಯುವವರು ಮಾತ್ರ ಈ ಊರಿನವರು.

ನಾನು ಹಾಸನ ಜಿಲ್ಲೆಯ ಸಕಲೇಶಪುರದ ಕಡೆಯ ಒಕ್ಕಲು ಮನೆತನದವನು. ನನ್ನ ತಮ್ಮ ಊರಿನಲ್ಲಿದ್ದಾನೆ. ಗದ್ದೆ ಒಂದಿಷ್ಟು, ಕಾಫಿ ಮೂರು ಎಕರೆ, ಎರಡು ಹಸು. ಕಳೆದ ವರ್ಷ ಅವನು ದೂರವಾಣಿಯಲ್ಲಿ ಕೇಳಿದ ಪ್ರಶ್ನೆಯೇ ಈ ಭಾಷಣಕ್ಕೆ ಮೂಲ. "ಅಣ್ಣಾ, ಕಾಫಿ ವ್ಯಾಪಾರಿ ನಮ್ಮ ತೋಟದ ಅಕ್ಷಾಂಶ ರೇಖಾಂಶ ಕೇಳುತ್ತಿದ್ದಾನೆ. ಯೂರೋಪಿನವರಿಗೆ ಬೇಕಂತೆ. ನಮ್ಮ ತೋಟ ತೆಗೆದುಕೊಂಡು ಅವರೇನು ಮಾಡುತ್ತಾರೆ?" ಇದಕ್ಕೆ ಉತ್ತರ ಹೇಳಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

1957ರ ರೋಮ್ ಒಪ್ಪಂದದಲ್ಲಿ ಆರು ರಾಷ್ಟ್ರಗಳು ಒಂದಾದಾಗ, ಯುದ್ಧಕಾಲದ ಹಸಿವಿನ ನೆನಪು ಆ ಜನರಲ್ಲಿ ಇನ್ನೂ ಹಸಿಯಾಗಿತ್ತು. ಅದರಿಂದಾಗಿ ಅವರು ಕೃಷಿಯನ್ನು ಮಾರುಕಟ್ಟೆಯ ದಯೆಗೆ ಬಿಡಲಿಲ್ಲ. ಉತ್ಪಾದನೆ ಹೆಚ್ಚಬೇಕು, ರೈತನಿಗೆ ಯೋಗ್ಯ ಜೀವನ ದೊರೆಯಬೇಕು, ಬಳಕೆದಾರನಿಗೆ ತಕ್ಕ ಬೆಲೆಯಲ್ಲಿ ಆಹಾರ ಸಿಗಬೇಕು ಎಂಬುದು ಅವರ ಸಂಕಲ್ಪ. 1962ರಲ್ಲಿ ಜಾರಿಗೆ ಬಂದ 'ಸಮಾನ ಕೃಷಿನೀತಿ' ಈ ಸಂಕಲ್ಪದ ಫಲ. ಬೆಲೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಸಮುದಾಯವೇ ಧಾನ್ಯವನ್ನೂ ಬೆಣ್ಣೆಯನ್ನೂ ಕೊಳ್ಳುವುದು, ಹೊರಗಿನ ಸರಕಿಗೆ ಸುಂಕದ ಗೋಡೆ ಕಟ್ಟುವುದು, ಮಿಕ್ಕದ್ದನ್ನು ಸಹಾಯಧನ ಕೊಟ್ಟು ಹೊರದೇಶಕ್ಕೆ ಕಳಿಸುವುದು. ನಮ್ಮ ಆಹಾರ ನಿಗಮದ ಗೋದಾಮುಗಳನ್ನು ಕಂಡವರಿಗೆ ಈ ಕ್ರಮದ ಮೊದಲ ಭಾಗ ಅಪರಿಚಿತವೇನಲ್ಲ.

ನೀತಿ ಯಶಸ್ವಿಯಾಯಿತು, ಅತಿಯಾಗಿಯೇ ಯಶಸ್ವಿಯಾಯಿತು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ 'ಬೆಣ್ಣೆಯ ಬೆಟ್ಟ', 'ದ್ರಾಕ್ಷಾರಸದ ಸರೋವರ' ಎಂಬ ಮಾತುಗಳು ಅಲ್ಲಿಯ ಪತ್ರಿಕೆಗಳಲ್ಲಿ ಹುಟ್ಟಿದವು. 1968ರಲ್ಲಿಯೇ ಕೃಷಿ ಆಯುಕ್ತ ಸಿಕೊ ಮಾನ್ಸ್‌ಹೋಲ್ಟ್, ಸಣ್ಣ ಹಿಡುವಳಿಗಳು ಉಳಿಯಲಾರವು, ಐವತ್ತು ಲಕ್ಷ ಜನ ಬೇಸಾಯ ಬಿಡಬೇಕು ಎಂಬ ಯೋಜನೆ ಮುಂದಿಟ್ಟಿದ್ದರು. 1971ರ ಮಾರ್ಚಿಯಲ್ಲಿ ಲಕ್ಷದ ಸಮೀಪ ರೈತರು ಬ್ರಸೆಲ್ಸ್ ನಗರದ ಬೀದಿಗಿಳಿದರು. ಒಬ್ಬ ರೈತ ಸತ್ತ. ಸ್ವಾರಸ್ಯವೆಂದರೆ ಇದೇ ಮಾನ್ಸ್‌ಹೋಲ್ಟ್, ತಾವೂ ರೈತರಾಗಿದ್ದವರು, ಎಪ್ಪತ್ತರ ದಶಕದಲ್ಲಿ ಮನಸ್ಸು ಬದಲಿಸಿ, ಎಲ್ಲೆಯಿಲ್ಲದ ಬೆಳವಣಿಗೆಯ ವಿರುದ್ಧ ಮಾತನಾಡತೊಡಗಿದರು. ಅಧಿಕಾರದಲ್ಲಿದ್ದಾಗ ಮಾಡಿದ್ದನ್ನು ಮುಂದೆ ತಪ್ಪೆಂದು ಒಪ್ಪಿಕೊಳ್ಳುವ ಧೈರ್ಯ ನಮ್ಮ ಅಧಿಕಾರವರ್ಗದಲ್ಲಿ ಅಪರೂಪ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಆ ಬೆಣ್ಣೆಯ ಬೆಟ್ಟದ ಒಂದು ಪಾಲು ನಮ್ಮಲ್ಲಿಗೂ ಬಂತೆಂಬುದು ಬಹಳ ಮಂದಿಗೆ ತಿಳಿಯದು. 1970ರಲ್ಲಿ ಆರಂಭವಾದ ಕ್ಷೀರಧಾರೆ ಯೋಜನೆಯ ಮೊದಲ ಘಟ್ಟಕ್ಕೆ ಯೂರೋಪಿನ ಸಮುದಾಯವು ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಕೆನೆರಹಿತ ಹಾಲಿನ ಪುಡಿಯನ್ನೂ 42,000 ಟನ್ ಬೆಣ್ಣೆಯೆಣ್ಣೆಯನ್ನೂ ದಾನವಾಗಿ ಕೊಡುವುದೆಂದು ಗೊತ್ತಾಯಿತು. ಇಂಥ ದಾನ ಒಂದು ದೇಶದ ಹೈನುಗಾರಿಕೆಯನ್ನೇ ಕೊಲ್ಲಬಲ್ಲದು. ಪುಕ್ಕಟೆ ಪುಡಿಯ ಹಾಲು ಪೇಟೆಗೆ ಬಂದರೆ ಹಳ್ಳಿಯ ಹಾಲನ್ನು ಕೇಳುವವರಾರು? ವರ್ಗೀಸ್ ಕುರಿಯನ್ ಅವರು ಮಾಡಿದ ಜಾಣತನವೆಂದರೆ, ಆ ಪುಡಿಯನ್ನು ಪುಕ್ಕಟೆಯಾಗಿ ಹಂಚಗೊಡದೆ ನಗರಗಳ ಡೈರಿಗಳಿಗೆ ಮಾರಿ, ಬಂದ ಹಣದಲ್ಲಿ ಹಳ್ಳಿಯ ಸಹಕಾರ ಸಂಘಗಳನ್ನು ಕಟ್ಟಿದ್ದು. ಎಂಬತ್ತರ ದಶಕದಲ್ಲಿ ಕ್ಲಾಡ್ ಆಲ್ವಾರಿಸ್ ಮೊದಲಾದವರು ಈ ಯೋಜನೆಯನ್ನು ಕಟುವಾಗಿ ಟೀಕಿಸಿದರು. ವಿದೇಶಿ ಪುಡಿಯ ಮೇಲಿನ ಅವಲಂಬನೆಯನ್ನೂ ಮಿಶ್ರತಳಿಯ ಮೋಹವನ್ನೂ ಎತ್ತಿ ತೋರಿಸಿದರು. ಆ ಟೀಕೆಯಲ್ಲಿ ಸತ್ಯವಿರಲಿಲ್ಲವೆಂದು ನಾನು ಹೇಳಲಾರೆ. ಆದರೂ ನಮ್ಮೂರಿನ ಹಾಲಿನ ಸಂಘದ ಮುಂದೆ ಬೆಳಗಿನ ಜಾವ ಅವ್ವನೊಡನೆ ಚೊಂಬು ಹಿಡಿದು ನಿಂತವನು ನಾನು. ಮನೆಯ ಹೆಂಗಸಿನ ಕೈಗೆ ವಾರಕ್ಕೊಮ್ಮೆ ನಗದು ಬಂದದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಹೀಗಾಗಿ ಈ ವಿಷಯದಲ್ಲಿ ನನ್ನ ತೀರ್ಪು ನಿಷ್ಪಕ್ಷಪಾತವಾಗಿರುವುದು ಸಾಧ್ಯವಿಲ್ಲ.

ಎಲ್ಲ ದೇಶಗಳಿಗೂ ಕುರಿಯನ್ ಇರಲಿಲ್ಲ. ಆಫ್ರಿಕದ ಕ್ಯಾಮೆರೂನಿನ ಕಥೆ ಕೇಳಿ. ಯೂರೋಪಿನವರು ಕೋಳಿಯ ಎದೆಯ ಮಾಂಸವನ್ನು ಇಷ್ಟಪಡುತ್ತಾರೆ. ಉಳಿದ ರೆಕ್ಕೆ, ಕಾಲುಗಳನ್ನು ಹೆಪ್ಪುಗಟ್ಟಿಸಿ ಅಗ್ಗದ ಬೆಲೆಗೆ ಅಲ್ಲಿಗೆ ಸಾಗಿಸುತ್ತಿದ್ದರು. ಅಲ್ಲಿಯ ಸಣ್ಣ ಕೋಳಿ ಸಾಕಣೆದಾರರು ಸೋತು ಕೂತರು. 2004ರ ಸುಮಾರಿಗೆ ಬರ್ನಾರ್ಡ್ ನ್ಜೋಂಗಾ ಅವರ ನೇತೃತ್ವದ ನಾಗರಿಕ ಸಂಘಟನೆಯೊಂದು ಇದರ ವಿರುದ್ಧ ಎದ್ದಿತು. ಗಮನಿಸಬೇಕಾದ ಅಂಶವೆಂದರೆ, ಅವರ ಬೆನ್ನಿಗೆ ಯೂರೋಪಿನೊಳಗಿನ ರೈತ ಸಂಘಟನೆಗಳೂ ಚರ್ಚಿನ ಸೇವಾಸಂಸ್ಥೆಗಳೂ ನಿಂತವು. ಆಮದು ಕೊನೆಗೆ ನಿಯಂತ್ರಣಕ್ಕೆ ಬಂತು. ತಮ್ಮ ಸರಕಾರದ ನೀತಿ ದೂರದ ಯಾವನೋ ಅಪರಿಚಿತ ರೈತನಿಗೆ ಮಾಡುವ ಕೇಡನ್ನು ತಮ್ಮದೇ ಪ್ರಶ್ನೆಯೆಂದು ಭಾವಿಸುವ ಜನ ಅಲ್ಲಿದ್ದಾರೆಂಬುದನ್ನು ಮರೆಯಬಾರದು.

ಇನ್ನು ಡಂಕೆಲ್ ಪ್ರಸ್ತಾವದ ಕಾಲಕ್ಕೆ ಬರೋಣ. 1993ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ನಡೆಸಿದ ಬೀಜ ಸತ್ಯಾಗ್ರಹದ ಮಹಾಸಭೆ ನಡೆದಾಗ ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ನೆರೆದವರು ಐದು ಲಕ್ಷವೆಂದು ಸಂಘಟಕರು ಹೇಳಿದರು. ನಾನು ಎಣಿಸಲಿಲ್ಲ, ಹಸಿರು ಶಾಲುಗಳಿಗೆ ಕೊನೆಯೇ ಇರಲಿಲ್ಲವೆಂಬುದು ಮಾತ್ರ ನೆನಪಿದೆ. ಅದಕ್ಕೆ ಹಿಂದಿನ ಡಿಸೆಂಬರಿನಲ್ಲಿ ಕಾರ್ಗಿಲ್ ಕಂಪನಿಯ ಬೆಂಗಳೂರಿನ ಕಚೇರಿಗೆ ರೈತರು ನುಗ್ಗಿದ್ದರು. 1993ರ ಜುಲೈಯಲ್ಲಿ ಬಳ್ಳಾರಿಯ ಘಟಕವನ್ನು ಕೆಡವಿದ್ದರು. ತರಗತಿಯಲ್ಲಿ ನಮ್ಮ ಅಧ್ಯಾಪಕರು ಮುಕ್ತ ವ್ಯಾಪಾರದ ಲಾಭಗಳನ್ನು ಕಪ್ಪುಹಲಗೆಯ ಮೇಲೆ ರೇಖೆಗಳಲ್ಲಿ ಎಳೆದು ತೋರಿಸುತ್ತಿದ್ದರು. ಹೊರಗೆ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ಅದೇ ರೇಖೆಗಳನ್ನು ಅಳಿಸುತ್ತಿದ್ದರು. ಯುವಕನಾದ ನನಗೆ ಇಬ್ಬರ ಮಾತೂ ಸರಿಯೆನ್ನಿಸಿ ಗೊಂದಲವಾಗುತ್ತಿತ್ತು. ರೈತ ನಾಯಕರಲ್ಲಿಯೇ ಒಮ್ಮತವಿರಲಿಲ್ಲವೆಂಬುದನ್ನೂ ಹೇಳಬೇಕು. ಮಹಾರಾಷ್ಟ್ರದ ಶರದ್ ಜೋಶಿಯವರು ಡಂಕೆಲ್ ಪ್ರಸ್ತಾವವನ್ನು ಬೆಂಬಲಿಸಿದ್ದರು. ಸರಕಾರದ ನಿರ್ಬಂಧಗಳಿಂದ ಬಿಡುಗಡೆ ಸಿಕ್ಕರೆ ಭಾರತದ ರೈತ ಗೆಲ್ಲುತ್ತಾನೆಂಬುದು ಅವರ ನಂಬಿಕೆ.

ಗ್ಯಾಟ್ ಒಪ್ಪಂದದ ಕೃಷಿ ಅಧ್ಯಾಯದಲ್ಲಿ ಸಹಾಯಧನಗಳನ್ನು ಬಣ್ಣದ ಪೆಟ್ಟಿಗೆಗಳಲ್ಲಿ ವಿಂಗಡಿಸಿದ್ದಾರೆ. ಬೆಲೆಯನ್ನು ಏರಿಸುವ, ಉತ್ಪಾದನೆಯನ್ನು ಪ್ರಚೋದಿಸುವ ಸಹಾಯ ಹಳದಿ ಪೆಟ್ಟಿಗೆಯದು; ಅದನ್ನು ಇಳಿಸಬೇಕು. ಉತ್ಪಾದನೆಗೆ ಮಿತಿ ಹಾಕುವ ಯೋಜನೆಗಳ ಸಹಾಯ ನೀಲಿಯದು. ವ್ಯಾಪಾರಕ್ಕೆ ಧಕ್ಕೆ ತಾರದೆಂದು ಪರಿಗಣಿತವಾದುದು ಹಸಿರು ಪೆಟ್ಟಿಗೆಯದು. ಅದಕ್ಕೆ ಮಿತಿಯೇ ಇಲ್ಲ. ಯೂರೋಪು ಮಾಡಿದ್ದೇನು? 1992ರಲ್ಲಿ ಆಯುಕ್ತ ಮ್ಯಾಕ್‌ಶ್ಯಾರಿಯವರ ಸುಧಾರಣೆಯಿಂದ ಧಾನ್ಯದ ಖಾತರಿ ಬೆಲೆಯನ್ನು ಮೂರನೆಯ ಒಂದು ಭಾಗದಷ್ಟು ಇಳಿಸಿ, ನಷ್ಟಕ್ಕೆ ಬದಲಾಗಿ ಹೆಕ್ಟೇರಿಗಿಷ್ಟು ಎಂದು ರೈತನಿಗೆ ನೇರವಾಗಿ ಹಣ ಕೊಟ್ಟಿತು, ಹಳದಿಯದು ನೀಲಿಯಾಯಿತು. 2003ರಲ್ಲಿ ಫಿಶ್ಲರ್ ಅವರ ಸುಧಾರಣೆ ಆ ಹಣಕ್ಕೂ ಬೆಳೆಗೂ ಇದ್ದ ಸಂಬಂಧವನ್ನೇ ಬಹುಮಟ್ಟಿಗೆ ಕಡಿದುಹಾಕಿತು, ನೀಲಿಯದು ಹಸಿರಾಯಿತು. ಖಜಾನೆಯಿಂದ ಹೊರಡುವ ಹಣ ಹೆಚ್ಚುಕಡಿಮೆ ಅದೇ. ನಾವು ಗೋಧಿಗೂ ಭತ್ತಕ್ಕೂ ಕೊಡುವ ಬೆಂಬಲ ಬೆಲೆಯಾದರೋ ಹಳದಿಯಲ್ಲಿಯೇ ಉಳಿಯಿತು. ಅದನ್ನು 1986-88ರ ಅಂತರರಾಷ್ಟ್ರೀಯ ಬೆಲೆಯೊಡನೆ ಹೋಲಿಸಿ ಲೆಕ್ಕ ಹಾಕುವ ನಿಯಮ ಬೇರೆ. ಅಂದಿನ ಬೆಲೆಯೆಲ್ಲಿ, ಇಂದಿನ ಬೆಲೆಯೆಲ್ಲಿ! 2013ರ ಬಾಲಿ ಸಮ್ಮೇಳನದಲ್ಲಿ ಸಿಕ್ಕ ತಾತ್ಕಾಲಿಕ ರಕ್ಷಣೆಯ ಆಸರೆಯಲ್ಲಿ ನಮ್ಮ ಪಡಿತರ ಸಂಗ್ರಹಣೆ ಮುಂದುವರಿದಿದೆ. ಇದನ್ನು ಅನ್ಯಾಯವೆನ್ನದೆ ಮತ್ತೇನೆನ್ನೋಣ?

ಇಷ್ಟು ಹೇಳಿದ ಮೇಲೆ, ಹಾಗಾದರೆ ಯೂರೋಪಿನ ರೈತ ಸುಖವಾಗಿದ್ದಾನೆಯೇ ಎಂಬ ಪ್ರಶ್ನೆ ಏಳುತ್ತದೆ. ಯೂರೋಪಿನ ಹಸುವಿಗೆ ದಿನಕ್ಕೆ ಎರಡು ಡಾಲರಿಗೂ ಹೆಚ್ಚು ಸಹಾಯಧನ ದೊರೆಯುತ್ತದೆಂಬ ಮಾತು ಇಪ್ಪತ್ತು ವರ್ಷಗಳ ಹಿಂದೆ ಎಲ್ಲ ವೇದಿಕೆಗಳಲ್ಲಿಯೂ ಕೇಳಿಬರುತ್ತಿತ್ತು. ನಾನೂ ಅದನ್ನು ಉದ್ಧರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ಹಣ ಹಸುವಿಗೂ ಹೋಗುವುದಿಲ್ಲ, ಹಸು ಕಟ್ಟಿದವನಿಗೂ ಪೂರ್ತಿ ಹೋಗುವುದಿಲ್ಲ. ಸಹಾಯ ಹೆಕ್ಟೇರಿನ ಲೆಕ್ಕದಲ್ಲಿರುವುದರಿಂದ ಹೆಚ್ಚು ಭೂಮಿಯಿದ್ದವನಿಗೆ ಹೆಚ್ಚು. ನೇರ ಪಾವತಿಯ ಸುಮಾರು ಶೇಕಡ 80 ಭಾಗ ಶೇಕಡ 20ರಷ್ಟು ಮಂದಿಯ ಪಾಲಾಗುತ್ತದೆಂಬುದು ಅಲ್ಲಿಯ ಅಧಿಕೃತ ಅಂಕಿಗಳೇ ತೋರಿಸುವ ಸಂಗತಿ. 2021ರಿಂದ 2027ರ ಅವಧಿಗೆ ಈ ನೀತಿಗೆಂದು ಮೀಸಲಾದ ಮೊತ್ತ ಸುಮಾರು 38,700 ಕೋಟಿ ಯೂರೋ. ಇಷ್ಟೊಂದು ಹಣ ಹರಿದರೂ 2005ರಿಂದ 2020ರವರೆಗಿನ ಹದಿನೈದು ವರ್ಷಗಳಲ್ಲಿ ಯೂರೋಪಿನ ಒಕ್ಕೂಟದಲ್ಲಿ 53 ಲಕ್ಷ ಹಿಡುವಳಿಗಳು ಇಲ್ಲವಾದವು, ನೂರರಲ್ಲಿ ಮೂವತ್ತೇಳು. ಉಳಿದದ್ದು 91 ಲಕ್ಷ.

ಇದನ್ನು ನಮ್ಮ ಕಡೆಯ ರೈತರು ಕಣ್ಣಾರೆ ಕಂಡುಬಂದರು ಎಂಬುದೇ ನಾನು ಇಂದು ನಿಮಗೆ ಮುಖ್ಯವಾಗಿ ನೆನಪಿಸಬೇಕೆಂದಿರುವ ಘಟನೆ. 1999ರ ಮೇ ಕೊನೆಯ ವಾರದಿಂದ ಜೂನ್ ತಿಂಗಳ ಮೂರನೆಯ ವಾರದವರೆಗೆ ನಾಲ್ಕುನೂರಕ್ಕೂ ಮಿಕ್ಕ ರೈತರು, ಬಹುಪಾಲು ಭಾರತದವರು, ಅವರಲ್ಲಿಯೂ ಕರ್ನಾಟಕದ ರೈತ ಸಂಘದವರು ಗಣನೀಯ ಸಂಖ್ಯೆಯಲ್ಲಿ, ಬಸ್ಸುಗಳಲ್ಲಿ ಯೂರೋಪನ್ನು ಸುತ್ತಿದರು. 'ಅಂತರಖಂಡ ಜಾಥಾ' ಎಂದು ಅದಕ್ಕೆ ಹೆಸರು. ಪಂಜಾಬ, ಹರಿಯಾಣ, ತಮಿಳುನಾಡುಗಳ ರೈತರೂ ಅದರಲ್ಲಿದ್ದರು. ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ನಿಂತರು. ಬಹುರಾಷ್ಟ್ರೀಯ ಕಂಪನಿಗಳ ಕಚೇರಿಗಳ ಮುಂದೆ ನಿಂತರು. ಜೂನ್ 5ರಂದು ಫ್ರಾನ್ಸಿನ ಮೊಂಪೆಲಿಯೆ ನಗರದ ಸಂಶೋಧನ ಕೇಂದ್ರವೊಂದರಲ್ಲಿ ಜೋಸೆ ಬೋವೆಯವರ ರೈತ ಒಕ್ಕೂಟದವರೊಡನೆ ಸೇರಿ ಕುಲಾಂತರಿ ಭತ್ತದ ಸಸಿಗಳನ್ನು ನಾಶಪಡಿಸಿದರು. ಬೋವೆ ಮುಂದೆ ಸೆರೆವಾಸವನ್ನೂ ಅನುಭವಿಸಿದರು. ಜಾಥಾದ ಕೊನೆ ಜರ್ಮನಿಯ ಕೊಲೋನಿನಲ್ಲಿ. ಅಲ್ಲಿ ಸೇರಿದ್ದ ಎಂಟು ಶ್ರೀಮಂತ ರಾಷ್ಟ್ರಗಳ ನಾಯಕರನ್ನು ನೋಡಿ ಸಾಮೂಹಿಕವಾಗಿ ನಗುವುದೆಂಬುದು ಅವರ ಯೋಜನೆ. ನಗುವ ಚಳವಳಿ ನಮ್ಮ ರೈತ ಸಂಘಕ್ಕೆ ಹೊಸದಲ್ಲವೆಂಬುದು ಹಿರಿಯರಿಗೆ ತಿಳಿದೇ ಇದೆ.

ಬೆಳೆ ಕೀಳುವುದು, ಕಚೇರಿ ಒಡೆಯುವುದು ಇವುಗಳನ್ನು ನಾನು ಒಪ್ಪಲಾರೆ. ಸರಕಾರಿ ನೌಕರನೆಂಬ ಕಾರಣಕ್ಕಲ್ಲ, ಸಂಶೋಧನೆಗೆ ಉತ್ತರ ಸಂಶೋಧನೆಯೇ ಆಗಬೇಕೆಂಬ ಕಾರಣಕ್ಕೆ. ಆದರೆ ಆ ಜಾಥಾದಲ್ಲಿ ಅವರು ಮುಂದಿಟ್ಟ ವಾದ ನಮ್ಮ ವಿದ್ಯಾವಂತರು ಆಗ ತಿಳಿದುದಕ್ಕಿಂತ ಆಳವಾಗಿತ್ತು. ಆ ಹೊತ್ತಿಗೆ ದೆಹಲಿಯ ಬೇಡಿಕೆ ಹೀಗಿತ್ತು: ನಿಮ್ಮ ಸಹಾಯಧನವನ್ನು ಇಳಿಸಿ, ನಮಗೆ ನಿಮ್ಮ ಮಾರುಕಟ್ಟೆಯನ್ನು ತೆರೆಯಿರಿ. ರೈತರು ಹೇಳಿದ್ದು ಬೇರೆ. ನಮಗೆ ನಿಮ್ಮ ಮಾರುಕಟ್ಟೆಯೂ ಬೇಡ, ನಿಮ್ಮ ದಾನವೂ ಬೇಡ. ನಿಮ್ಮ ರೈತ ನಿಮ್ಮ ಜನರಿಗೆ ಬೆಳೆಯಲಿ, ನಮ್ಮವನು ನಮ್ಮವರಿಗೆ ಬೆಳೆಯಲಿ. ಕೃಷಿಯನ್ನು ವಿಶ್ವ ವ್ಯಾಪಾರ ಸಂಸ್ಥೆಯಿಂದ ಹೊರಗಿಡಿ. ಮೊದಲ ಬೇಡಿಕೆಯಲ್ಲಿ ಯೂರೋಪಿನ ಸಣ್ಣ ರೈತ ನಮ್ಮ ಎದುರಾಳಿ. ಎರಡನೆಯದರಲ್ಲಿ ಅವನು ನಮ್ಮ ಜೊತೆಗಾರ.

ಆ ಜಾಥಾದಲ್ಲಿ ಹೋಗಿಬಂದ ನಮ್ಮ ಕಡೆಯ ಹಿರಿಯರೊಬ್ಬರನ್ನು ಮುಂದೊಮ್ಮೆ ಭೇಟಿಯಾಗಿದ್ದೆ. ಇಂಗ್ಲಿಷ್ ಬಾರದವರು, ಫ್ರೆಂಚಿನ ಮಾತಂತೂ ಇಲ್ಲವೇ ಇಲ್ಲ. ಅಲ್ಲಿ ಏನು ನೋಡಿದಿರಿ ಎಂದು ಕೇಳಿದೆ. ಹೊಲ ಬಹಳ ಚೆನ್ನಾಗಿತ್ತು, ಆದರೆ ಹೊಲದಲ್ಲಿ ಜನವೇ ಇರಲಿಲ್ಲ, ಅದನ್ನು ಕಂಡು ಭಯವಾಯಿತು ಎಂದರು. ಉಳಿದುಕೊಂಡ ಮನೆಯ ಯಜಮಾನನಿಗೆ ಮಗನಿದ್ದರೂ ಅವನು ಬೇಸಾಯಕ್ಕೆ ಬರಲೊಲ್ಲನೆಂದು ಕೈಸನ್ನೆಯಲ್ಲಿಯೇ ಹೇಳಿಕೊಂಡನಂತೆ. ಇವರೂ ತಮ್ಮ ಮಗ ಬೆಂಗಳೂರಿನಲ್ಲಿದ್ದಾನೆಂದು ಕೈಸನ್ನೆಯಲ್ಲಿಯೇ ಹೇಳಿದರಂತೆ. ಇಬ್ಬರೂ ಸುಮ್ಮನೆ ಕೂತರಂತೆ.

ನಂಜುಂಡಸ್ವಾಮಿಯವರು 2004ರ ಫೆಬ್ರವರಿ 3ರಂದು ತೀರಿಕೊಂಡರು. ರೈತ ಸಂಘ ಬಣಗಳಾಗಿ ಒಡೆಯಿತು. ಆ ದುಃಖದ ಕಥೆ ಇಲ್ಲಿ ಬೇಡ. ಚಾಮರಾಜನಗರದ ಅಮೃತಭೂಮಿಯಲ್ಲಿ ನೈಸರ್ಗಿಕ ಬೇಸಾಯದ ತರಬೇತಿ ನಡೆಯುತ್ತಿದೆ. 'ಲಾ ವಿಯಾ ಕ್ಯಾಂಪೆಸಿನ' ಎಂಬ ಜಾಗತಿಕ ರೈತ ಒಕ್ಕೂಟ, 1993ರಲ್ಲಿ ಬೆಲ್ಜಿಯಮಿನ ಮೋನ್ಸ್ ಪಟ್ಟಣದಲ್ಲಿ ಹುಟ್ಟಿದ್ದು, ವರ್ಷಗಟ್ಟಲೆ ಒತ್ತಾಯಿಸಿದ್ದರಿಂದ 2018ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ರೈತರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು.

ಯೂರೋಪಿನೊಳಗಿನ ನಾಗರಿಕ ಚಳವಳಿಯೂ ಬೆಳೆದಿದೆ. 2011ರಿಂದ ಪ್ರತಿವರ್ಷ ಜನವರಿಯಲ್ಲಿ ಬರ್ಲಿನ್ ನಗರದಲ್ಲಿ ರೈತರೂ ಪರಿಸರವಾದಿಗಳೂ ಬಳಕೆದಾರರೂ ಒಟ್ಟಾಗಿ, ಟ್ರ್ಯಾಕ್ಟರುಗಳನ್ನು ಮುಂದಿಟ್ಟುಕೊಂಡು, 'ನಮಗೆ ಸಾಕಾಗಿದೆ' ಎಂಬ ಘೋಷಣೆಯೊಡನೆ ಮೆರವಣಿಗೆ ಮಾಡುತ್ತಾ ಬಂದಿದ್ದಾರೆ. 'ಜೇನುಹುಳುಗಳನ್ನೂ ರೈತರನ್ನೂ ಉಳಿಸಿ' ಎಂಬ ಮನವಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ನಾಗರಿಕರು ಸಹಿ ಹಾಕಿ 2022ರಲ್ಲಿ ಒಪ್ಪಿಸಿದರು; 2035ರೊಳಗೆ ಕೃತಕ ಕೀಟನಾಶಕಗಳನ್ನು ಪೂರ್ತಿ ಕೈಬಿಡಬೇಕೆಂಬುದು ಅವರ ಬೇಡಿಕೆ. ಜೇನಿನ ಜೊತೆಗೆ ರೈತನನ್ನೂ ಆ ಹೆಸರಿನಲ್ಲಿ ಸೇರಿಸಿದ್ದು ವಿವೇಕದ ಮಾತು. ಆದರೆ ವಸ್ತುಸ್ಥಿತಿ ಅಷ್ಟು ಸರಳವಾಗಿ ಸಾಗಲಿಲ್ಲ. ಕೀಟನಾಶಕಗಳ ಬಳಕೆಯನ್ನು 2030ರೊಳಗೆ ಅರ್ಧಕ್ಕಿಳಿಸುವ ಮಸೂದೆಯನ್ನು ಯೂರೋಪಿನ ಸಂಸತ್ತು 2023ರ ನವೆಂಬರಿನಲ್ಲಿ ತಿರಸ್ಕರಿಸಿತು. 2024ರ ಆರಂಭದಲ್ಲಿ ಟ್ರ್ಯಾಕ್ಟರುಗಳು ಬ್ರಸೆಲ್ಸನ್ನು ಮುತ್ತಿದವು. ಮಸೂದೆಯನ್ನೇ ಹಿಂತೆಗೆದರು, ಪರಿಸರದ ಷರತ್ತುಗಳನ್ನೂ ಸಡಿಲಿಸಿದರು. ಬೆಲೆ ಸಿಗದ ರೈತನ ಸಿಟ್ಟು ನ್ಯಾಯವಾದದ್ದೇ. ಬೆಲೆಯ ಪ್ರಶ್ನೆಗೆ ಉತ್ತರ ಕೊಡಲಾರದ ಸರಕಾರಗಳು ಹುಳು ಹಕ್ಕಿಗಳ ಪಾಲನ್ನು ಕಿತ್ತು ಅವನ ಕೈಗಿತ್ತವು. ಸಾಲವೂ ಇಳಿಯಲಿಲ್ಲ, ಬೆಲೆಯೂ ಏರಲಿಲ್ಲ.

ಇಲ್ಲಿಂದ ನಾನು ನಮ್ಮ ನೆಲಕ್ಕೆ ಮರಳುತ್ತೇನೆ. ಯೂರೋಪಿನ ಜನ ತಮ್ಮ ತಟ್ಟೆಯ ಶುದ್ಧಿಯ ಬಗ್ಗೆ ಕಾಳಜಿ ವಹಿಸಿದಾಗ ಅದರ ವೆಚ್ಚ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಕೇರಳದಲ್ಲಿಯೇ ನಿದರ್ಶನವಿದೆ. 1997ರ ಆಗಸ್ಟಿನಲ್ಲಿ ಯೂರೋಪಿನ ಒಕ್ಕೂಟ ಶುಚಿತ್ವದ ಕಾರಣ ಕೊಟ್ಟು ಭಾರತದ ಮೀನು ಉತ್ಪನ್ನಗಳನ್ನು ನಿಷೇಧಿಸಿತು. ಕೊಚ್ಚಿಯ ಕಾರಖಾನೆಗಳು ಗೋಡೆಗೆ ಬಿಳಿಯ ಹೆಂಚು ಹಚ್ಚಿ, ನೀರು ಶುದ್ಧೀಕರಿಸುವ ಯಂತ್ರ ತಂದು, ಒಂದೊಂದಾಗಿ ಅನುಮತಿ ಪಡೆದವು. ಶುಚಿತ್ವ ಬೇಕಾದುದೇ, ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮನೆಯ ಬಳಿಯ ಸಣ್ಣ ಚಪ್ಪರಗಳಲ್ಲಿ ಸಿಗಡಿ ಸುಲಿದು ಜೀವಿಸುತ್ತಿದ್ದ ಹೆಂಗಸರ ಕೆಲಸ ದೊಡ್ಡ ಕಾರಖಾನೆಗಳ ಒಳಗೆ ಸರಿಯಿತು. ಎಲ್ಲರೂ ಅಲ್ಲಿಗೆ ಹೋಗಲಾಗಲಿಲ್ಲ. ಆ ಹೆಂಗಸರನ್ನು ಯಾರೂ ಕೇಳಿ ನಿಯಮ ಮಾಡಲಿಲ್ಲ.

ಇದಕ್ಕೆ ವಿರುದ್ಧವಾದ ಮುಖವೂ ಇದೆ, ಅದು ಇನ್ನೂ ಕರಾಳವಾದುದು. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ ಮೊದಲಾದ ಊರುಗಳು ಕನ್ನಡ ತುಳು ಆಡುವ ಊರುಗಳು. ಸರಕಾರಿ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅಲ್ಲಿಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರು ರೋಗಿಗಳ ಲೆಕ್ಕವಿಟ್ಟು ಬರೆದರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ನಾಡಿಗೆ ತಿಳಿಸಿದರು. ಕೃಷಿ ಇಲಾಖೆಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯಕ್ಕೆ ಹೋದರು. ಐವತ್ತರ ದಶಕದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದ ವಿಷ ಅದು. ಯೂರೋಪಿನ ಒಕ್ಕೂಟ 2005ರಲ್ಲಿ ಅದನ್ನು ತನ್ನ ಹೊಲಗಳಿಂದ ತೆಗೆದುಹಾಕಿತು. ನಮ್ಮಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟದ್ದು 2011ರ ಮೇ 13ರಂದು. ಅಲ್ಲಿಯವರೆಗೂ ಕೊಚ್ಚಿಯ ಪಕ್ಕದ ಏಲೂರಿನಲ್ಲಿ ಕೇಂದ್ರ ಸರಕಾರದ ಉದ್ಯಮವೇ ಅದನ್ನು ತಯಾರಿಸುತ್ತಿತ್ತು. ಅಂತರರಾಷ್ಟ್ರೀಯ ಸಭೆಗಳಲ್ಲಿ ನಾವು ಅದರ ಪರವಾಗಿ ವಾದಿಸುತ್ತಿದ್ದೆವು. ಹೀಗಿರುವಾಗ ಯೂರೋಪಿನ ಕಡೆ ಮಾತ್ರ ಬೆರಳು ತೋರಿಸುವುದು ಪ್ರಾಮಾಣಿಕತೆಯಾಗದು. ಹಾಗೆಂದು ಅವರ ಇಬ್ಬಗೆಯನ್ನು ಮುಚ್ಚಿಡಬೇಕಾಗಿಯೂ ಇಲ್ಲ: ತಮ್ಮಲ್ಲಿ ನಿಷೇಧಿಸಿದ ಕೀಟನಾಶಕಗಳನ್ನು 2018ರ ಒಂದೇ ವರ್ಷದಲ್ಲಿ 81,000 ಟನ್ನಿಗೂ ಹೆಚ್ಚು ಹೊರದೇಶಗಳಿಗೆ ಕಳಿಸಲು ಅನುಮತಿ ಕೊಟ್ಟಿದ್ದರು. ಇದನ್ನು ಬಯಲಿಗೆಳೆದವರೂ ಸ್ವಿಟ್ಜರ್ಲೆಂಡ್, ಬ್ರಿಟನ್ನುಗಳ ನಾಗರಿಕ ಸಂಘಟನೆಗಳೇ ಎಂಬುದನ್ನು ಸೇರಿಸಿ ಹೇಳಬೇಕು.

ಈಗ ತಮ್ಮನ ಪ್ರಶ್ನೆ. 2023ರಲ್ಲಿ ಯೂರೋಪಿನ ಒಕ್ಕೂಟ ಅರಣ್ಯನಾಶ ತಡೆಯುವ ಕಾನೂನೊಂದನ್ನು ಮಾಡಿತು. ಲಕ್ಷಾಂತರ ನಾಗರಿಕರ ಒತ್ತಾಯದಿಂದ ಬಂದ ಕಾನೂನು, ಉದ್ದೇಶ ಶ್ಲಾಘ್ಯ. ಕಾಫಿ, ಕೋಕೋ, ರಬ್ಬರು, ತಾಳೆಯೆಣ್ಣೆ, ಸೋಯಾ, ದನ, ಮರ ಇವುಗಳಲ್ಲಿ ಯಾವುದೂ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದದ್ದಾಗಿರಬಾರದು. ಬೆಳೆದ ದೇಶದ ಕಾನೂನಿಗೆ ಅನುಸಾರವಾಗಿ ಬೆಳೆದದ್ದಾಗಿರಬೇಕು. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಎಲ್ಲೆಗಳ ನಕ್ಷೆಯನ್ನೇ ಕೊಡಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು. ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿಯವರು. ಕೊಳ್ಳುವವರಲ್ಲಿ ಇಟಲಿ, ಜರ್ಮನಿಗಳು ಮುಂಚೂಣಿಯಲ್ಲಿವೆ. ಕೇರಳದ ರಬ್ಬರು ಬೆಳೆಗಾರರೂ ಇದೇ ಕಾನೂನಿನ ಬಲೆಯಲ್ಲಿದ್ದಾರೆ. ಜಾರಿಯ ದಿನಾಂಕವನ್ನು 2024ರ ಡಿಸೆಂಬರಿನಿಂದ 2025ಕ್ಕೆ, ಅಲ್ಲಿಂದ 2026ರ ಡಿಸೆಂಬರಿಗೆ ಮುಂದೂಡಿದ್ದಾರೆ. ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಅದು ಸಮಾಧಾನದ ಸಂಗತಿ.

ಆದರೂ ತೊಡಕಿರುವುದು ಬೇರೆಡೆ. ನಮ್ಮ ಕಾಫಿ ಮರದ ನೆರಳಿನಲ್ಲಿ ಬೆಳೆಯುವಂಥದು. ಹಲಸು, ಅತ್ತಿ, ನಂದಿ, ಹಾಲವಾಣ ಇವುಗಳ ಕೆಳಗೆ ಕಾಫಿ; ಮರಕ್ಕೆ ಹಬ್ಬಿದ ಮೆಣಸು. ಇದು ಪರಿಸರಕ್ಕೆ ಹಿತವಾದ ಬೇಸಾಯವೆಂದು ಲೋಕವೇ ಒಪ್ಪಿದೆ. ಆದರೆ ಆಕಾಶದಿಂದ ನೋಡುವ ಉಪಗ್ರಹದ ಕಣ್ಣಿಗೆ ತೋಟವೂ ಕಾಡಿನಂತೆಯೇ ಕಾಣಬಹುದು. ಮೇಲಿನ ಕೊಂಬೆ ಕಡಿದು ನೆರಳು ತೆಳುವು ಮಾಡಿದರೆ ಕಾಡು ಕಡಿದಂತೆ ತೋರಬಹುದು. ಮರವನ್ನೆಲ್ಲ ಎಂದೋ ಕಡಿದು ಬಯಲು ಮಾಡಿಕೊಂಡವನಿಗೆ ಈ ಸಂಶಯದ ಕಾಟವಿಲ್ಲ!

ಇನ್ನೊಂದು ತೊಡಕು ಕಾಗದಪತ್ರಗಳದು. ನಮ್ಮ ಮೂರು ಎಕರೆಯ ಪಹಣಿ ಇಂದಿಗೂ ನಮ್ಮ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು ನಲವತ್ತು ವರ್ಷ. ಅಪ್ಪ, ಚಿಕ್ಕಪ್ಪಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡರು. ಒಬ್ಬ ಅತ್ತೆ ಮುಂಬಯಿಯಲ್ಲಿದ್ದಾರೆ. ಕೊಡಗಿನ ಜಮ್ಮಾ ಬಾಣೆಯವರ ಕಷ್ಟ ಇದಕ್ಕಿಂತ ಜಟಿಲವಾದುದು. ಬೆಳೆದದ್ದು ಕಾನೂನುಬದ್ಧವೇ ಎಂದು ದೂರದ ಅಧಿಕಾರಿ ಕೇಳಿದರೆ, ಸತ್ತವರ ಹೆಸರಿನ ಪಹಣಿಯನ್ನು ತಮ್ಮ ತೋರಿಸಬೇಕು. ಅದನ್ನು ಸರಿಪಡಿಸದಿರುವ ದೋಷ ಬ್ರಸೆಲ್ಸಿನದಲ್ಲ. ರಜೆಗೆ ಊರಿಗೆ ಹೋದಾಗಲೆಲ್ಲ 'ಮುಂದಿನ ಸಲ ನೋಡೋಣ' ಎನ್ನುತ್ತಾ ಬಂದ, ಕಾಯಿದೆ ಕಟ್ಟಳೆ ಬಲ್ಲ ಅಣ್ಣನದು. ದೊಡ್ಡ ತೋಟದವರಿಗೆ ಇದನ್ನೆಲ್ಲ ನೋಡಿಕೊಳ್ಳಲು ಜನರಿದ್ದಾರೆ. ಸಣ್ಣವನು ಕಾಗದವಿಲ್ಲದ ಕಾರಣಕ್ಕೆ ಕಡಿಮೆ ಬೆಲೆಗೆ ಮಾರುತ್ತಾನೆ, ಕಾಗದವಿದ್ದವನು ಅದನ್ನೇ ತನ್ನ ಹೆಸರಿನಲ್ಲಿ ಕಳಿಸುತ್ತಾನೆ. ಯೂರೋಪಿನಲ್ಲಿ ಹೆಕ್ಟೇರಿನ ಲೆಕ್ಕದ ಹಣ ಯಾರ ಕಡೆ ಹರಿಯಿತೋ, ಈ ಒಳ್ಳೆಯ ಕಾನೂನಿನ ಲಾಭವೂ ಅದೇ ಇಳಿಜಾರಿನಲ್ಲಿ ಹರಿಯಬಹುದೆಂಬುದೇ ನನ್ನ ಭಯ.

ಭಾರತ ಮತ್ತು ಯೂರೋಪಿನ ನಡುವಣ ಮುಕ್ತ ವ್ಯಾಪಾರದ ಮಾತುಕತೆ 2007ರಲ್ಲಿ ಆರಂಭವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಶುರುವಾಯಿತು. ಆ ಮಾತುಕತೆಯುದ್ದಕ್ಕೂ ಹಾಲಿನ ಬಾಗಿಲನ್ನು ತೆರೆಯಲು ನಾವು ಹಿಂಜರಿದೆವು. ನನ್ನ ಅವ್ವನ ಚೊಂಬನ್ನು ನೆನೆದರೆ ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ನನ್ನ ಆಕ್ಷೇಪಣೆ ಇಷ್ಟೆ: ಮಾತುಕತೆಯ ಮೇಜಿನ ಆ ಬದಿಯಲ್ಲಿ ತಮ್ಮ ಸರಕಾರಗಳನ್ನು ಪ್ರಶ್ನಿಸುವ ನಾಗರಿಕರು ಕರಡುಗಳನ್ನು ಓದಿ, ಟೀಕೆ ಬರೆದು, ಬೀದಿಗಿಳಿಯುತ್ತಾರೆ. ಈ ಬದಿಯಲ್ಲಿ ಕಾಫಿ ಬೆಳೆಯುವವನಿಗೂ ರಬ್ಬರು ಕೆರೆಯುವವನಿಗೂ ಸುದ್ದಿ ತಲುಪುವುದು ವ್ಯಾಪಾರಿಯ ಬಾಯಿಂದ. 1999ರಲ್ಲಿ ನಾನೂರು ರೈತರು ಭಾಷೆ ಬಾರದಿದ್ದರೂ ಆ ಮೇಜಿನವರೆಗೆ ನಡೆದುಹೋದರು. ಅನಂತರದ ಇಪ್ಪತ್ತೈದು ವರ್ಷಗಳಲ್ಲಿ ಭಾಷೆ ಬಲ್ಲ ನಾವು ಏನು ಮಾಡಿದೆವು? ಈ ಕಾನೂನಿನ ವಿವರ ಕನ್ನಡದಲ್ಲಿ ನಾಲ್ಕು ಪುಟ ಬೇಕೆಂದು ತಮ್ಮ ಕೇಳಿದಾಗ ಅವನಿಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಕೊನೆಗೆ ನಾನೇ ಕುಳಿತು ಬರೆದೆ. ಅದರ ಪ್ರತಿಗಳನ್ನು ಆ ಮೇಜಿನ ಮೇಲೆ ಇಟ್ಟಿದ್ದೇನೆ. ಊರಿನಲ್ಲಿ ಕಾಫಿಯೋ ಮೆಣಸೋ ಇರುವವರು ತೆಗೆದುಕೊಂಡು ಹೋಗಬಹುದು, ತಪ್ಪಿದ್ದರೆ ತಿದ್ದಬಹುದು.

ಅಕ್ಷಾಂಶ ರೇಖಾಂಶಗಳನ್ನು ತಮ್ಮ ಮಗನ ಮೊಬೈಲಿನಲ್ಲಿ ಹಿಡಿದು ಕೊಟ್ಟಿದ್ದಾನೆ. ಪಹಣಿಯ ಕೆಲಸಕ್ಕೆ ಮುಂದಿನ ತಿಂಗಳು ನಾನು ಊರಿಗೆ ಹೊರಟಿದ್ದೇನೆ. ಮುಂಬಯಿಯ ಅತ್ತೆಯ ಸಹಿಯೊಂದು ಬಾಕಿಯಿದೆ.

ಪ್ರಶ್ನೆಗಳಿದ್ದರೆ ಊಟಕ್ಕೆ ಮೊದಲು ಕೇಳಬಹುದು.